ವರ್ಚುವಲ್ ಲೋಕದಲ್ಲಿ ಜಾಗ ಕೊಳ್ಳುವ ಮುಂಚೆ: ದುಡ್ಡು ಕಳೆದುಕೊಳ್ಳದಿರಲು ಹಂತ ಹಂತದ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಜಾಗ ಕೊಳ್ಳುವವರು ಸುಮ್ನೆ ದುಡ್ಡು ಬಿಚ್ಚುವುದಿಲ್ಲ. ಪಹಣಿ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಪೋಡಿ ಆಗಿದೆಯಾ ಅಂತ ಕೇಳುತ್ತಾರೆ. ಗಾಡಿ ಹೋಗುವ ದಾರಿ ಯಾರ ಜಾಗದಲ್ಲಿದೆ, ಅರಣ್ಯ ಇಲಾಖೆಯ ತಕರಾರು ಇದೆಯಾ ಅಂತ ಊರವರ ಹತ್ತಿರ ವಿಚಾರಿಸುತ್ತಾರೆ. ಅದೇ ಜನ ಕಂಪ್ಯೂಟರ್ ಒಳಗಿನ ಜಾಗವನ್ನು ಒಂದು ಚಿತ್ರ ನೋಡಿ, ಒಂದು ಬಟನ್ ಒತ್ತಿ ಕೊಂಡುಬಿಡುತ್ತಾರೆ. ಅಲ್ಲಿ ಹೋದ ದುಡ್ಡೂ ನಿಜವಾದ ದುಡ್ಡೇ ಅಲ್ವಾ?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಚುವಲ್ ಜಾಗ ಕೊಂಡಾಗ ನಿಮಗೆ ಸಿಗುವುದು ಒಂದು ಕಂಪನಿಯ ಸರ್ವರ್ ಮೇಲೆ ಜಾಗ ಬಳಸಲು ಅನುಮತಿ. ಅದರ ಜೊತೆಗೆ ಆ ಕಂಪನಿಯ ನಿಯಮಗಳೂ ಬರುತ್ತವೆ. ಎಷ್ಟೋ ಕಡೆ ತಿಂಗಳ ಶುಲ್ಕವೂ ಬರುತ್ತದೆ. ದುಬಾರಿ ತಪ್ಪುಗಳಲ್ಲಿ ಹೆಚ್ಚಿನವು ಕೊಳ್ಳುವ ಬೆಲೆಯನ್ನಷ್ಟೇ ನೋಡಿ ಈ ಅನುಮತಿ, ನಿಯಮ, ಶುಲ್ಕಗಳನ್ನು ನೋಡದೆ ಇರುವುದರಿಂದ ಆಗುತ್ತವೆ.

ಯಾವ ಬಗೆಯ ಜಾಗ ಅಂತ ಮೊದಲು ತಿಳಿದುಕೊಳ್ಳಿ

ಮುಖ್ಯವಾಗಿ ಮೂರು ಬಗೆ ಇವೆ. ಮೂರನ್ನೂ ‘ಮೆಟಾವರ್ಸ್ ಲ್ಯಾಂಡ್’ ಅಂತಲೇ ಮಾರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲನೆಯದು ಸೆಕೆಂಡ್ ಲೈಫ್ ತರಹದ್ದು. ಲಿಂಡನ್ ಲ್ಯಾಬ್ ಅನ್ನುವ ಅಮೆರಿಕದ ಕಂಪನಿ 2003ರಲ್ಲಿ ಇದನ್ನು ಶುರು ಮಾಡಿತು, ಇವತ್ತಿಗೂ ನಡೆಸುತ್ತಿದೆ. ಇಲ್ಲಿ ಜನ ನಿಜಕ್ಕೂ ಮನೆ ಕಟ್ಟುತ್ತಾರೆ, ಅಂಗಡಿ ಇಡುತ್ತಾರೆ, ಸಂಗೀತ ಕಛೇರಿ ನಡೆಸುತ್ತಾರೆ. ಜಾಗಕ್ಕೆ ತಿಂಗಳ ಶುಲ್ಕ ಇದೆ.

ಎರಡನೆಯದು ಡಿಸೆಂಟ್ರಾಲ್ಯಾಂಡ್, ದಿ ಸ್ಯಾಂಡ್‌ಬಾಕ್ಸ್ ತರಹದ್ದು. ಇಲ್ಲಿ ಜಾಗ ಅಂದರೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಒಟ್ಟಾಗಿ ಇಟ್ಟಿರುವ ಲೆಕ್ಕದ ಪುಸ್ತಕ) ಮೇಲಿನ ಒಂದು ಟೋಕನ್, ಒಂದು ಡಿಜಿಟಲ್ ಹಕ್ಕುಚೀಟಿ. ತಿಂಗಳ ಶುಲ್ಕ ಇಲ್ಲ. ಆದರೆ ಬೆಲೆ ಏರುವುದೂ ಇಳಿಯುವುದೂ ವಿಪರೀತ.

ಮೂರನೆಯದು ನಿಜವಾದ ಭೂಮಿಯ ನಕ್ಷೆಯನ್ನೇ ಚೌಕ ಚೌಕವಾಗಿ ಮಾರುವಂಥದ್ದು. 2020ರ ನವೆಂಬರ್‌ನಲ್ಲಿ ಶುರುವಾದ ಅರ್ಥ್ 2 ಇದಕ್ಕೆ ಉದಾಹರಣೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಗಳು. ಜೋಗದ ಗುಂಡಿ ಇರುವ ಚೌಕ, ಕೊಡಚಾದ್ರಿಯ ತುದಿಯ ಚೌಕ ನಮ್ಮ ಹೆಸರಿಗೆ ಬರಲಿ ಅಂತ ಯಾರಿಗೆ ಆಸೆ ಇರುವುದಿಲ್ಲ? ಆದರೆ ಅದನ್ನು ಕೊಂಡರೆ ನಿಜವಾದ ಜೋಗದ ಒಂದು ಕಲ್ಲಿನ ಮೇಲೂ ನಿಮಗೆ ಹಕ್ಕಿಲ್ಲ. ನಿಮ್ಮದೇ ಅಡಿಕೆ ತೋಟದ ಚೌಕವನ್ನು ಬೇರೆ ಯಾರೋ ಅಲ್ಲಿ ಕೊಂಡಿದ್ದರೂ ನಿಮಗೇನೂ ತೊಂದರೆ ಇಲ್ಲ. ‘ನಿಮ್ಮ ಊರಿನ ಜಾಗ ಬೇರೆಯವರ ಪಾಲಾಗುತ್ತಿದೆ, ಬೇಗ ಕೊಳ್ಳಿ’ ಅಂತ ಯಾರಾದರೂ ಹೆದರಿಸಿದರೆ ಆ ಮಾತಿಗೆ ಬೆಲೆ ಕೊಡಬೇಡಿ.

ಏನಾದರೂ ಕಟ್ಟಬೇಕು, ಜನ ಬಂದು ನೋಡಬೇಕು ಅನ್ನುವವರಿಗೆ ನನ್ನ ಪ್ರಕಾರ ಮೊದಲ ಬಗೆಯೇ ಸರಿ. ಹಾಗಾಗಿ ಮುಂದಿನ ಮಾತು ಹೆಚ್ಚಾಗಿ ಸೆಕೆಂಡ್ ಲೈಫ್ ಬಗ್ಗೆ. ಟೋಕನ್ ಜಾಗದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಏನು ಕಟ್ಟುತ್ತೀರಿ ಅಂತ ಮೊದಲು ಲೆಕ್ಕ ಹಾಕಿ

ಸೆಕೆಂಡ್ ಲೈಫ್‌ನಲ್ಲಿ ಜಾಗಕ್ಕೆ ಎರಡು ಅಳತೆ. ಒಂದು ಚದರ ಮೀಟರ್. ಇನ್ನೊಂದು ಲ್ಯಾಂಡ್ ಇಂಪ್ಯಾಕ್ಟ್, ಅಂದರೆ ಆ ಜಾಗದ ಮೇಲೆ ಎಷ್ಟು ಸಾಮಾನು ಇಡಬಹುದು ಅನ್ನುವ ಮಿತಿ. ಹೊಸಬರು ಮೊದಲನೆಯದನ್ನು ನೋಡಿ ಕೊಳ್ಳುತ್ತಾರೆ. ಕೊಂಡ ಮೇಲೆ ಕೈಕಟ್ಟುವುದು ಎರಡನೆಯದು.

ಒಂದು ಪೂರ್ತಿ ರೀಜನ್ (ಆ ಲೋಕದ ನೆಲದ ಒಂದು ಚೌಕ) ಅಂದರೆ 256 ಮೀಟರ್ ಉದ್ದ, ಅಷ್ಟೇ ಅಗಲ. ಒಟ್ಟು 65,536 ಚದರ ಮೀಟರ್. ಕಂಪನಿಯದೇ ಆದ ಮೇನ್‌ಲ್ಯಾಂಡ್‌ನಲ್ಲಿ ಅದಕ್ಕೆ 22,500 ಲ್ಯಾಂಡ್ ಇಂಪ್ಯಾಕ್ಟ್ ಮಿತಿ. 1,024 ಚದರ ಮೀಟರ್ ಕೊಂಡರೆ ನಿಮ್ಮ ಪಾಲಿಗೆ 351. ಅದರ ಅರ್ಧ, 512 ಕೊಂಡರೆ 175.

ಈಗ ಅಲ್ಲಿ ನಮ್ಮ ಕಡೆಯ ತೊಟ್ಟಿ ಮನೆ ಕಟ್ಟಬೇಕು ಅಂತಿಟ್ಟುಕೊಳ್ಳಿ. ಸುತ್ತ ಜಗಲಿ, ನಡುವೆ ತೊಟ್ಟಿ, ಮರದ ಕಂಬ, ಮೇಲೆ ಹೆಂಚು, ಹಿಂದೆ ಬಚ್ಚಲು ಮನೆ, ಆಚೆ ಅಡಿಕೆ ತೋಟ. ಒಂದು ಅಡಿಕೆ ಮರಕ್ಕೆ 3 ಇಂಪ್ಯಾಕ್ಟ್ ಅಂತ ಹಿಡಿದರೆ ನೂರು ಮರಕ್ಕೆ 300. 351ರಲ್ಲಿ ಉಳಿದದ್ದು 51. ಅಷ್ಟರಲ್ಲಿ ಮನೆ, ಕಂಬ, ತುಳಸಿ ಕಟ್ಟೆ, ಉಯ್ಯಾಲೆ ಎಲ್ಲ ಬರಬೇಕು. ಬರುವುದಿಲ್ಲ. ಹೆಂಚನ್ನು ಒಂದೊಂದಾಗಿ ಬಿಡಿ ವಸ್ತು ಮಾಡಿ ಜೋಡಿಸಿದರೆ ಮಾಡು ಒಂದೇ ಪೂರ್ತಿ ಮಿತಿಯನ್ನು ತಿಂದುಹಾಕುತ್ತದೆ. ಇಡೀ ಮಾಡನ್ನು ಒಂದೇ ಮೆಶ್ (ಮೂರು ಆಯಾಮದ ಆಕಾರ) ಆಗಿ ಬ್ಲೆಂಡರ್ ಅನ್ನುವ ತಂತ್ರಾಂಶದಲ್ಲಿ ಮಾಡಿ, ಹೆಂಚಿನ ಸಾಲನ್ನು ಟೆಕ್ಸ್‌ಚರ್‌ನಲ್ಲಿ, ಅಂದರೆ ಮೇಲೆ ಅಂಟಿಸುವ ಚಿತ್ರದಲ್ಲಿ ತೋರಿಸಿದರೆ ಎಷ್ಟೋ ಉಳಿಯುತ್ತದೆ. ಒಂದೇ ಮೆಶ್‌ನಲ್ಲಿ ನಾಲ್ಕೈದು ಅಡಿಕೆ ಮರ ಒಟ್ಟಿಗೆ ಇರುವಂಥದ್ದೂ ಸಿಗುತ್ತದೆ. ಇದನ್ನೆಲ್ಲ ಜಾಗ ಕೊಳ್ಳುವ ಮುಂಚೆಯೇ ಸ್ಯಾಂಡ್‌ಬಾಕ್ಸ್‌ನಲ್ಲಿ ಕಟ್ಟಿ ನೋಡಿ. ಇದು ಮೇಲೆ ಹೇಳಿದ ಟೋಕನ್ ಲೋಕ ಅಲ್ಲ. ಯಾರು ಬೇಕಾದರೂ ಬಂದು ಕಟ್ಟಿ ಕಲಿಯಲಿ ಅಂತ ಸೆಕೆಂಡ್ ಲೈಫ್ ಒಳಗೇ ಬಿಟ್ಟಿರುವ ಖಾಲಿ ಬಯಲು. ದುಡ್ಡು ಕೊಡಬೇಕಿಲ್ಲ. ಕಟ್ಟಿದ್ದನ್ನು ನಿಮ್ಮ ಇನ್ವೆಂಟರಿಗೆ, ಅಂದರೆ ನಿಮ್ಮ ಖಾತೆಯ ಉಗ್ರಾಣಕ್ಕೆ ವಾಪಸ್ ತೆಗೆದುಕೊಂಡರೆ ಆಯಿತು.

ಅಳತೆಯಲ್ಲಿ ಇನ್ನೊಂದು ವಿಷಯ. ಅವತಾರದ (ಆ ಲೋಕದಲ್ಲಿ ನಿಮ್ಮ ಪರವಾಗಿ ಓಡಾಡುವ ಗೊಂಬೆಯ) ಹಿಂದೆ, ತಲೆಗಿಂತ ಮೇಲೆ ಕ್ಯಾಮೆರಾ ಇರುತ್ತದೆ. ಮಲೆನಾಡಿನ ಹಳೇ ಮನೆಯ ತಗ್ಗಿನ ಬಾಗಿಲು, ಕೈಗೆ ಎಟಕುವ ಅಟ್ಟ ಅಲ್ಲಿ ಹಾಗೇ ಕಟ್ಟಿದರೆ ಒಳಗೆ ಹೋದಾಗ ಕ್ಯಾಮೆರಾ ಮಾಡಿನ ಆಚೆ ಹೋಗಿ ಏನೂ ಕಾಣುವುದಿಲ್ಲ. ಹಾಗಾಗಿ ಎಲ್ಲವನ್ನೂ ನಿಜವಾದ ಅಳತೆಗಿಂತ ದೊಡ್ಡದಾಗಿ ಕಟ್ಟಬೇಕಾಗುತ್ತದೆ. ಜಾಗವೂ ಜಾಸ್ತಿ ಬೇಕಾಗುತ್ತದೆ. ಇಳಿಜಾರಿನಲ್ಲಿ ಮನೆ, ಕೆಳಗೆ ತೋಟ ಅನ್ನುವ ಆಸೆ ಇದ್ದರೆ ನೆಲವನ್ನು ಎಷ್ಟು ಏರಿಸಬಹುದು, ಎಷ್ಟು ತಗ್ಗಿಸಬಹುದು ಅಂತಲೂ ನೋಡಿ. ಮೇನ್‌ಲ್ಯಾಂಡ್‌ನಲ್ಲಿ ಹೆಚ್ಚಿನ ಕಡೆ ಮೇಲಕ್ಕೆ 4 ಮೀಟರ್, ಕೆಳಕ್ಕೆ 4 ಮೀಟರ್. ಅಷ್ಟೇ.

ಬೆಲೆಗಿಂತ ತಿಂಗಳ ಶುಲ್ಕ ಮುಖ್ಯ

ಸೆಕೆಂಡ್ ಲೈಫ್‌ನಲ್ಲಿ ವ್ಯವಹಾರ ಲಿಂಡನ್ ಡಾಲರ್‌ನಲ್ಲಿ. ಸುಮಾರು 250 ಲಿಂಡನ್ ಡಾಲರ್ ಕೊಟ್ಟರೆ ಒಂದು ಅಮೆರಿಕನ್ ಡಾಲರ್. 5,000 ಲಿಂಡನ್ ಡಾಲರ್‌ಗೆ ಜಾಗ ಅಂದರೆ ಸುಮಾರು 20 ಡಾಲರ್. ‘ಇಷ್ಟು ಅಗ್ಗಾನಾ?’ ಅನ್ನಿಸುತ್ತದೆ. ಆ ಜಾಗದಿಂದ ತಿಂಗಳಿಗೆ 20 ಡಾಲರ್ ಶುಲ್ಕ ಬೀಳುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 240 ಆಯಿತು. ಕೊಂಡ ಬೆಲೆ ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಪೂರ್ತಿ ಖಾಸಗಿ ರೀಜನ್ ಬೇಕು ಅಂದರೆ ತಿಂಗಳಿಗೆ 200 ಡಾಲರ್ ದಾಟುತ್ತದೆ. ನಮ್ಮ ದುಡ್ಡಿನಲ್ಲಿ ಅದು 17 ಸಾವಿರ ರೂಪಾಯಿಗೂ ಜಾಸ್ತಿ. ಯಾವ ಜಾಗ ನೋಡಿದರೂ ಬೆಲೆಗೆ ಹನ್ನೆರಡು ತಿಂಗಳ ಶುಲ್ಕ ಸೇರಿಸಿ, ಆ ಮೊತ್ತವನ್ನೇ ಬೆಲೆ ಅಂದುಕೊಳ್ಳಿ.

ಮೇನ್‌ಲ್ಯಾಂಡ್ ಜಾಗ ಕೊಳ್ಳಲು ದುಡ್ಡು ಕೊಟ್ಟು ಸದಸ್ಯರಾಗಬೇಕು. ಪ್ರೀಮಿಯಂ ಸದಸ್ಯರಿಗೆ 1,024 ಚದರ ಮೀಟರ್‌ವರೆಗೆ ಬೇರೆ ಶುಲ್ಕ ಇಲ್ಲ. ಅದನ್ನು ದಾಟಿದರೆ ಶುಲ್ಕ ಹಂತ ಹಂತವಾಗಿ ಏರುತ್ತದೆ. ಹಂತದ ಗೆರೆಯನ್ನು ಸ್ವಲ್ಪ ದಾಟಿದರೂ ಮುಂದಿನ ಹಂತದ ಪೂರ್ತಿ ಶುಲ್ಕ ಬೀಳುತ್ತದೆ. ಪಕ್ಕದಲ್ಲಿ 16 ಚದರ ಮೀಟರ್ ತುಂಡು ಮಾರಾಟಕ್ಕಿದೆ ಅಂತ ಆಸೆಪಟ್ಟು ಕೊಂಡರೆ ಆ ತುಂಡಿನ ಬೆಲೆಗಿಂತ ಪ್ರತಿ ತಿಂಗಳ ಏರಿಕೆಯೇ ದೊಡ್ಡದಾದೀತು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ನಿಯಮ ಒಂದಿದೆ. ಮೇನ್‌ಲ್ಯಾಂಡ್ ಶುಲ್ಕವನ್ನು ಹಿಂದಿನ 30 ದಿನಗಳಲ್ಲಿ ನಿಮ್ಮ ಹತ್ತಿರ ಅತಿ ಹೆಚ್ಚು ಎಷ್ಟು ಜಾಗ ಇತ್ತು ಅಂತ ನೋಡಿ ಹಾಕುತ್ತಾರೆ. ಹಳೇ ಜಾಗ ಮಾರುವ ಮೊದಲೇ ಹೊಸದನ್ನು ಕೊಂಡರೆ, ಎರಡೂ ಒಂದೇ ದಿನ ನಿಮ್ಮ ಹೆಸರಲ್ಲಿದ್ದರೂ ಸಾಕು, ಎರಡನ್ನೂ ಕೂಡಿಸಿದ ಶುಲ್ಕ ಬರುತ್ತದೆ. ಮೊದಲು ಹಳೆಯದನ್ನು ಬಿಡಿ, ಆಮೇಲೆ ಹೊಸದನ್ನು ಕೊಳ್ಳಿ.

ಪ್ರೀಮಿಯಂ ಸದಸ್ಯರಿಗೆ ಕಂಪನಿಯೇ ಲಿಂಡನ್ ಹೋಮ್ ಅನ್ನುವ ಮನೆ ಕೊಡುತ್ತದೆ. 2019ರಲ್ಲಿ ಇದಕ್ಕೆಂದೇ ಬೆಲಿಸೇರಿಯಾ ಅನ್ನುವ ಹೊಸ ಖಂಡವನ್ನೇ ತೆರೆದರು. ಏನನ್ನೂ ಕೊಳ್ಳುವ ಮುಂಚೆ ಅದರಲ್ಲಿ ಒಂದೆರಡು ತಿಂಗಳು ಇದ್ದು ನೋಡಿ. ಆ ಲೋಕಕ್ಕೆ ನೀವು ದಿನಾ ಹೋಗುತ್ತೀರೋ ಇಲ್ಲವೋ ಅಷ್ಟರಲ್ಲಿ ತಿಳಿಯುತ್ತದೆ.

ಜಾಗದ ಮೇಲೆ ಹೋಗಿ ನಿಲ್ಲಿ

ಚಿತ್ರ ನೋಡಿ ಕೊಳ್ಳಬೇಡಿ. ಅವತಾರವನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ಹೀಗೆ ನೋಡಿ.

ನೆಲದ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಬೌಟ್ ಲ್ಯಾಂಡ್’ ತೆರೆಯಿರಿ. ಮೊದಲ ಪುಟದಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ, ಬೆಲೆ ಇರುತ್ತದೆ. ಮಾರುತ್ತೇನೆ ಅಂತ ಚಾಟ್‌ನಲ್ಲಿ ಬಂದವರ ಹೆಸರೂ ಅಲ್ಲಿರುವ ಹೆಸರೂ ಒಂದೇನಾ ನೋಡಿ. ಜಾಗದೊಂದಿಗೆ ಅದರ ಮೇಲಿನ ವಸ್ತುಗಳೂ ಬರುತ್ತವಾ ಅಂತಲೂ ನೋಡಿ. ಚಂದದ ಮನೆ ನೋಡಿ ಕೊಂಡು, ಮರುಕ್ಷಣ ಬರೀ ನೆಲ ಉಳಿದು ಪೆಚ್ಚಾದವರು ಇದ್ದಾರೆ.

ಮುಂದೆ ‘ಆಬ್ಜೆಕ್ಟ್ಸ್’ ಪುಟ. ಇಲ್ಲಿ ಕಾಣುವ ಮಿತಿಯ ಸಂಖ್ಯೆಯನ್ನು ಹಾಗೇ ನಂಬಬೇಡಿ. ಒಂದೇ ರೀಜನ್‌ನಲ್ಲಿ ಒಬ್ಬರದೇ ಹಲವು ತುಂಡುಗಳಿದ್ದರೆ ಅವೆಲ್ಲದರ ಮಿತಿ ಒಂದಾಗಿ ಸೇರುತ್ತದೆ. ಮಾರುವವರು ಪಕ್ಕದ ಖಾಲಿ ತುಂಡಿನ ಪಾಲನ್ನೂ ಈ ಮನೆಗೆ ಬಳಸುತ್ತಿರಬಹುದು. ನಿಮಗೆ ಬರುವುದು ನೀವು ಕೊಂಡ ಚದರ ಮೀಟರ್‌ನ ಪಾಲು ಮಾತ್ರ. ಮೇಲೆ ಹೇಳಿದ ಲೆಕ್ಕದಿಂದ ನೀವೇ ಗುಣಿಸಿ ನೋಡಿ.

ಆಮೇಲೆ ಕಂಟ್ರೋಲ್, ಶಿಫ್ಟ್, 1 ಒತ್ತಿ. ಅಂಕಿಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಎರಡು ಸಾಕು: ‘ಟೈಮ್ ಡೈಲೇಶನ್’ 1ರ ಹತ್ತಿರ ಇರಬೇಕು, ‘ಸಿಮ್ ಎಫ್‌ಪಿಎಸ್’ 45ರ ಹತ್ತಿರ ಇರಬೇಕು. ಇವು ತೀರಾ ಇಳಿದಿದ್ದರೆ ಆ ರೀಜನ್‌ನಲ್ಲಿ ಯಾರದೋ ಭಾರ ಜಾಸ್ತಿ ಇದೆ ಅಂತ. ಕ್ಲಬ್ಬೋ, ದೊಡ್ಡ ಅಂಗಡಿಯೋ ಇರಬಹುದು. ನೀವು ಎಷ್ಟು ಚಂದ ಕಟ್ಟಿದರೂ ಅಲ್ಲಿ ನಡೆದಾಡುವುದೇ ಕಷ್ಟ.

ಇದನ್ನು ಯಾವ ಹೊತ್ತಿಗೆ ನೋಡುತ್ತೀರಿ ಅನ್ನುವುದು ಮುಖ್ಯ. ಸೆಕೆಂಡ್ ಲೈಫ್ ಗಡಿಯಾರ ಅಮೆರಿಕದ ಪಶ್ಚಿಮ ಕರಾವಳಿಯದ್ದು. ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರ ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿನ ಸಂಜೆಯ ಗದ್ದಲ ಅಂದರೆ ನಮ್ಮ ಬೆಳಗಿನ ಕಾಫಿ, ತಿಂಡಿಯ ಹೊತ್ತು. ರಾತ್ರಿ ಊಟ ಮುಗಿಸಿ ನೋಡಿದರೆ ಅಲ್ಲಿ ಆಗಷ್ಟೇ ಬೆಳಗಾಗಿರುತ್ತದೆ, ಎಲ್ಲ ಶಾಂತ. ಆ ಶಾಂತಿ ನೋಡಿ ಕೊಳ್ಳಬೇಡಿ. ವಾರದ ಕೊನೆಯಲ್ಲಿ, ಅವರ ಸಂಜೆಗೆ ಒಮ್ಮೆ ಹೋಗಿ ನೋಡಿ.

ಕೊನೆಗೆ ಸುತ್ತ ಒಂದು ಸುತ್ತು ಬನ್ನಿ. ಪಕ್ಕದವರು ಬೇಲಿಯ ಹಾಗೆ ‘ನೋ ಎಂಟ್ರಿ’ ಕೆಂಪು ಗೆರೆ ಹಾಕಿದ್ದಾರಾ? ಹತ್ತಿರ ಹೋದ ಕೂಡಲೇ ಆಚೆ ಎಸೆಯುವ ಯಂತ್ರ ಇಟ್ಟಿದ್ದಾರಾ? ಎದುರಿನ ಖಾಲಿ ಜಾಗ ಯಾರ ಹೆಸರಲ್ಲಿದೆ? ರಸ್ತೆ, ನೀರು, ಕಾಡು ಕಂಪನಿಯದೇ ಆಗಿ ‘ಪ್ರೊಟೆಕ್ಟೆಡ್’ ಅಂತ ಇದ್ದರೆ ಒಳ್ಳೆಯದು, ನಾಳೆ ಅಲ್ಲಿ ಯಾರೂ ಗೋಡೆ ಎಬ್ಬಿಸುವುದಿಲ್ಲ. ಖಾಸಗಿಯವರದ್ದಾದರೆ ಈಗ ಕಾಣುವ ನೋಟ ನಿಮ್ಮದಲ್ಲ. ಒಂದು ಕಾಲದಲ್ಲಿ ಮೇನ್‌ಲ್ಯಾಂಡ್ ತುಂಬ 16 ಚದರ ಮೀಟರ್ ತುಂಡುಗಳಲ್ಲಿ ತಿರುಗುವ ಜಾಹೀರಾತು ಫಲಕ ನಿಲ್ಲಿಸಿ, ಅದನ್ನು ತೆಗೆಯಬೇಕಾದರೆ ಆ ತುಂಡನ್ನೇ ಹತ್ತಾರು ಪಟ್ಟು ಬೆಲೆಗೆ ಕೊಳ್ಳಿ ಅನ್ನುವ ದಂಧೆ ನಡೆದಿತ್ತು. ಕಂಪನಿ ಆಮೇಲೆ ನಿಯಮ ಮಾಡಿ ಅದನ್ನು ತಡೆಯಿತು.

ಮೇನ್‌ಲ್ಯಾಂಡ್ ಅಥವಾ ಖಾಸಗಿ ಎಸ್ಟೇಟ್

ಖಾಸಗಿ ಎಸ್ಟೇಟ್ ಅಂದರೆ ಕಂಪನಿಯಿಂದ ಪೂರ್ತಿ ರೀಜನ್ ತೆಗೆದುಕೊಂಡವರು ಅದನ್ನು ತುಂಡು ಮಾಡಿ ಬೇರೆಯವರಿಗೆ ಕೊಡುವ ಜಾಗ. ಅಲ್ಲಿ ‘ಜಾಗ ಮಾರಾಟಕ್ಕಿದೆ’ ಅಂತ ಬೋರ್ಡ್ ಇದ್ದರೂ ಅದು ಬಾಡಿಗೆಯೇ. ಕಂಪನಿಯ ಲೆಕ್ಕದಲ್ಲಿ ಮಾಲೀಕರು ಎಸ್ಟೇಟ್‌ನವರು. ಅವರು ಯಾವಾಗ ಬೇಕಾದರೂ ಜಾಗ ವಾಪಸ್ ತೆಗೆದುಕೊಳ್ಳಬಹುದು. ಅವರು ಕಂಪನಿಗೆ ಶುಲ್ಕ ಕಟ್ಟದೆ ಬಿಟ್ಟರೆ ನೀವು ಅವರಿಗೆ ತಪ್ಪದೆ ಕಟ್ಟಿದ್ದರೂ ರೀಜನ್ ಮುಚ್ಚಿಹೋಗುತ್ತದೆ. ಈ ಜಗಳದಲ್ಲಿ ಕಂಪನಿ ತಲೆ ಹಾಕುವುದಿಲ್ಲ. ಹಾಗಂತ ಎಸ್ಟೇಟ್ ಬೇಡ ಅನ್ನುತ್ತಿಲ್ಲ. ಅಲ್ಲಿ ಶಿಸ್ತು ಇರುತ್ತದೆ, ಪಕ್ಕದಲ್ಲಿ ಯಾರೋ ಏನೋ ಎಬ್ಬಿಸುವ ಕಾಟ ಕಡಿಮೆ, ದುಡ್ಡು ಕೊಟ್ಟು ಸದಸ್ಯರಾಗದಿದ್ದರೂ ಜಾಗ ಸಿಗುತ್ತದೆ. ‘ಕವೆನೆಂಟ್’ ಪುಟವನ್ನು ಮಾತ್ರ ಒಂದು ಸಾಲೂ ಬಿಡದೆ ಓದಿ. ಏನು ಕಟ್ಟಬಹುದು, ಅಂಗಡಿ ಇಡಬಹುದಾ, ದುಡ್ಡು ಎಷ್ಟು ದಿನ ತಡವಾದರೆ ಜಾಗ ಹೋಗುತ್ತದೆ, ಬಿಟ್ಟು ಹೋದರೆ ವಾಪಸ್ ಏನಾದರೂ ಬರುತ್ತದಾ, ಎಲ್ಲ ಅಲ್ಲಿರುತ್ತದೆ. ಮೊದಲ ಸಲವೇ ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟರೆ ರಿಯಾಯಿತಿ ಅಂದರೆ ಬೇಡ ಅನ್ನಿ. ವಾರಕ್ಕೋ ತಿಂಗಳಿಗೋ ಕಟ್ಟುತ್ತಾ ಹೋಗಿ.

‘ಒಳ್ಳೇ ಲೊಕೇಶನ್’ಗೆ ಜಾಸ್ತಿ ಕೊಡಬೇಡಿ

ಸೆಕೆಂಡ್ ಲೈಫ್ ಶುರುವಿನಲ್ಲಿ ದೂರ ಹೋಗಬೇಕಾದರೆ ಟೆಲಿಹಬ್ ಅನ್ನುವ ನಿಲ್ದಾಣಗಳಲ್ಲಿ ಇಳಿದು ಅಲ್ಲಿಂದ ಹೋಗಬೇಕಿತ್ತು. ಅದರ ಸುತ್ತಲ ಜಾಗಕ್ಕೆ ಭಾರಿ ಬೆಲೆ, ಸುತ್ತ ಅಂಗಡಿಗಳ ಸಾಲು. 2005ರ ಕೊನೆಯಲ್ಲಿ ಕಂಪನಿ ಎಲ್ಲಿಂದ ಎಲ್ಲಿಗೆ ಬೇಕಾದರೂ ನೇರ ಟೆಲಿಪೋರ್ಟ್ ಆಗುವ ಸೌಲಭ್ಯ ಕೊಟ್ಟಿತು. ಬೈಪಾಸ್ ಆದ ಮೇಲೆ ಹಳೇ ಹೆದ್ದಾರಿಯ ಹೋಟೆಲ್‌ಗಳಿಗೆ ಆಗುವ ಗತಿಯೇ ಆ ಜಾಗಕ್ಕೂ ಆಯಿತು.

2008ರ ಅಕ್ಟೋಬರ್‌ನಲ್ಲಿ ಇನ್ನೊಂದು ಪೆಟ್ಟು. ಓಪನ್‌ಸ್ಪೇಸ್ ಅನ್ನುವ ಅಗ್ಗದ ರೀಜನ್‌ಗಳ ತಿಂಗಳ ಶುಲ್ಕವನ್ನು 75 ಡಾಲರ್‌ನಿಂದ 125ಕ್ಕೆ ಏರಿಸುತ್ತೇವೆ ಅಂತ ಕಂಪನಿ ಪ್ರಕಟಿಸಿತು. ಅಗ್ಗ ಅಂತಲೇ ಕೊಂಡಿದ್ದವರು ರೊಚ್ಚಿಗೆದ್ದರು. ಎಷ್ಟೋ ಜನ ಜಾಗ ಬಿಟ್ಟೇ ಹೋದರು.

ಡಿಸೆಂಟ್ರಾಲ್ಯಾಂಡ್‌ನಲ್ಲೂ ನಡುವಿನ ಪ್ಲಾಜಾಕ್ಕೆ ಹತ್ತಿರ ಅಂತ ಜಾಸ್ತಿ ಬೆಲೆ ಹೇಳುತ್ತಾರೆ. ಅಲ್ಲೂ ಚಾಟ್‌ನಲ್ಲಿ ಒಂದು ಆಜ್ಞೆ ಬರೆದರೆ ಬೇಕಾದ ಜಾಗಕ್ಕೆ ಹಾರಬಹುದು. ಜನ ಬರುವುದು ಅಲ್ಲಿ ನಡೆಯುವ ಕಾರ್ಯಕ್ರಮಕ್ಕೆ, ಪಕ್ಕದ ರಸ್ತೆಗಲ್ಲ.

ಟೋಕನ್ ಜಾಗ ಕೊಳ್ಳುವುದಾದರೆ

2021ರ ಕೊನೆಯಲ್ಲಿ ಬೆಲೆ ಹುಚ್ಚೆದ್ದು ಕುಣಿಯಿತು. ನವೆಂಬರ್‌ನಲ್ಲಿ ಡಿಸೆಂಟ್ರಾಲ್ಯಾಂಡ್‌ನ 116 ಸಣ್ಣ ತುಂಡುಗಳ ಒಂದು ಜಾಗ ಸುಮಾರು 24 ಲಕ್ಷ ಡಾಲರ್‌ಗೆ ಹೋಯಿತು. ಡಿಸೆಂಬರ್‌ನಲ್ಲಿ ದಿ ಸ್ಯಾಂಡ್‌ಬಾಕ್ಸ್ ಅನ್ನುವ ಟೋಕನ್ ಲೋಕದಲ್ಲಿ ಸ್ನೂಪ್ ಡಾಗ್ ಅನ್ನುವ ಗಾಯಕನ ಪಕ್ಕದ ಜಾಗಕ್ಕೆ ಒಬ್ಬರು ಸುಮಾರು 4.5 ಲಕ್ಷ ಡಾಲರ್ ಕೊಟ್ಟರು. ಮುಂದಿನ ವರ್ಷ ಬೆಲೆಗಳು ನೆಲ ಕಚ್ಚಿದವು. ಲಾಭಕ್ಕೆ ಅಂತ ಕೊಳ್ಳುವುದಾದರೆ ನನ್ನ ಸಲಹೆ ಒಂದೇ, ಕೊಳ್ಳಬೇಡಿ. ಕಟ್ಟಲು ಅಂತ ಬೇಕೇ ಬೇಕಾದರೆ ಇಷ್ಟು ನೋಡಿ.

ಡಿಸೆಂಟ್ರಾಲ್ಯಾಂಡ್‌ನ ಒಂದು ತುಂಡು ಬರೀ 16 ಮೀಟರ್ ಉದ್ದ, 16 ಮೀಟರ್ ಅಗಲ. ಒಂದೇ ತುಂಡಿದ್ದರೆ 20 ಮೀಟರ್ ಎತ್ತರದವರೆಗೆ ಕಟ್ಟಬಹುದು. ಅಂಟಿಕೊಂಡ ತುಂಡುಗಳಿದ್ದರೆ ಮಿತಿ ಏರುತ್ತದೆ. ಮೂರು ಇದ್ದರೆ 40 ಮೀಟರ್. ದೂರ ದೂರದ ಮೂರು ತುಂಡು ಕೊಂಡರೆ ಏನೂ ಉಪಯೋಗ ಇಲ್ಲ.

ವ್ಯವಹಾರ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ. 2022ರ ಏಪ್ರಿಲ್ 30ರಂದು ಅದರ್‌ಸೈಡ್ ಅನ್ನುವ ಲೋಕದ 55,000 ಜಾಗಗಳನ್ನು ಒಂದೊಂದಕ್ಕೆ ಏಪ್‌ಕಾಯಿನ್ ಅನ್ನುವ 305 ಕ್ರಿಪ್ಟೊ ನಾಣ್ಯಗಳಂತೆ ಮಾರಿದರು. ಎಲ್ಲರೂ ಒಟ್ಟಿಗೆ ಮುಗಿಬಿದ್ದಿದ್ದರಿಂದ ಎಥೀರಿಯಂ ಅನ್ನುವ ಬ್ಲಾಕ್‌ಚೈನ್ ಜಾಲದಲ್ಲಿ ‘ಗ್ಯಾಸ್’ ಅನ್ನುವ ವ್ಯವಹಾರ ಶುಲ್ಕವೇ ಒಟ್ಟು 10 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ವ್ಯವಹಾರ ಫೇಲ್ ಆದವರಿಗೂ ಗ್ಯಾಸ್ ಶುಲ್ಕ ಬಿತ್ತು. ಅದೇ ಹೊತ್ತಿಗೆ ನಕಲಿ ತಾಣಗಳು ಎದ್ದು ಎಷ್ಟೋ ಜನರ ವಾಲೆಟ್ (ಟೋಕನ್, ಕ್ರಿಪ್ಟೊ ಇಡುವ ಡಿಜಿಟಲ್ ಪರ್ಸ್) ಖಾಲಿ ಮಾಡಿದವು. ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ ಬಂದ ಕೊಂಡಿ ಒತ್ತಬೇಡಿ. ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ. ವಾಲೆಟ್‌ನ 12 ಅಥವಾ 24 ಪದಗಳ ಸೀಡ್ ಫ್ರೇಸ್ ಅನ್ನು, ಅಂದರೆ ವಾಲೆಟ್ ತೆರೆಯುವ ಗುಟ್ಟಿನ ಪದಗಳನ್ನು ಕಾಗದದ ಮೇಲೆ ಬರೆದಿಡಿ. ಫೋಟೊ ತೆಗೆಯಬೇಡಿ, ಯಾರು ಕೇಳಿದರೂ ಹೇಳಬೇಡಿ. ಸಹಾಯ ಮಾಡುತ್ತೇನೆ ಅಂತ ಅದನ್ನು ಕೇಳುವವರು ಕಳ್ಳರೇ.

ಟೋಕನ್ ನಿಮ್ಮ ಹತ್ತಿರ ಉಳಿದರೂ ಲೋಕ ಉಳಿಯುತ್ತದೆ ಅಂತ ಏನಿಲ್ಲ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ತನ್ನ ಆಲ್ಟ್‌ಸ್ಪೇಸ್ ವಿಆರ್ ಅನ್ನುವ ವರ್ಚುವಲ್ ಲೋಕವನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು.

ತೆರಿಗೆಯನ್ನಂತೂ ಮರೆಯಲೇಬೇಡಿ. 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಕ್ರಿಪ್ಟೊ, ಎನ್‌ಎಫ್‌ಟಿ (ಮೇಲೆ ಹೇಳಿದ ಜಾಗದ ಟೋಕನ್ ಇಂಥದ್ದೇ) ಮಾರಿದ ಲಾಭಕ್ಕೆ 30% ತೆರಿಗೆ, ಅದರ ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. 2022ರ ಜುಲೈನಿಂದ ವ್ಯವಹಾರದ ಮೊತ್ತಕ್ಕೆ 1% ಟಿಡಿಎಸ್ ಕೂಡ ಬಂತು. ಪ್ರತಿ ವ್ಯವಹಾರದ ದಿನಾಂಕ, ರೂಪಾಯಿ ಮೊತ್ತ ಬರೆದಿಟ್ಟು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ.

ನಮ್ಮ ಊರಿಂದ ದುಡ್ಡು ಕಟ್ಟುವಾಗ

ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿ, ಮಿತಿ ಚಿಕ್ಕದಾಗಿ ಇಡಿ. ಬ್ಯಾಂಕ್ ವಿನಿಮಯ ದರದ ಮೇಲೆ ತನ್ನ ಶುಲ್ಕ ಹಾಕುತ್ತದೆ, ಅದಕ್ಕೆ ಜಿಎಸ್‌ಟಿ ಬೇರೆ.

ದೊಡ್ಡ ಅಪಾಯ ತಾನಾಗಿ ಕಡಿತವಾಗುವ ತಿಂಗಳ ಶುಲ್ಕದಲ್ಲಿದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಇಂಥ ಆಟೊ ಡೆಬಿಟ್‌ಗೆ ಬಿಗಿ ನಿಯಮ ತಂದಿದೆ. ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳಿಗೆ ಹೋಗಬೇಕಾದ ದುಡ್ಡನ್ನು ಬ್ಯಾಂಕ್ ತಡೆಯುತ್ತದೆ. ನೀವು ಮಳೆಗಾಲದಲ್ಲಿ ಹೊಸನಗರದ ಮನೆಯಲ್ಲಿದ್ದೀರಿ, ಎರಡು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಶುಲ್ಕ ಕಟ್ಟಲಾಗಿಲ್ಲ ಎಂಬ ಇಮೇಲ್ ನೋಡುವುದೇ ತಡ. ಶುಲ್ಕ ಬಾಕಿ ಬೆಳೆದರೆ ಖಾತೆಗೆ ತಡೆ ಬೀಳುತ್ತದೆ, ಕೊನೆಗೆ ಜಾಗವೇ ಹೋಗುತ್ತದೆ. ಸೆಕೆಂಡ್ ಲೈಫ್ ಖಾತೆಯಲ್ಲಿ ಡಾಲರ್ ಇಟ್ಟುಕೊಳ್ಳುವ ವ್ಯವಸ್ಥೆ ಇದೆ. ಒಂದೆರಡು ತಿಂಗಳ ಶುಲ್ಕದಷ್ಟು ಅಲ್ಲಿ ಇರಲಿ, ಜೂನ್ ಬರುವ ಮುಂಚೆಯಂತೂ ಖಂಡಿತ.

ಮಾರುವಾಗ, ಬಿಡುವಾಗ

ಕೊಳ್ಳುವ ದಿನವೇ ಇದನ್ನೂ ಕಲಿತುಕೊಳ್ಳಿ. ಗೆಳೆಯರಿಗೆ 1 ಲಿಂಡನ್ ಡಾಲರ್‌ಗೆ ಜಾಗ ಕೊಡುತ್ತೇನೆ ಅಂತ ಮಾರಾಟಕ್ಕೆ ಹಾಕುವಾಗ ‘ಸೆಲ್ ಟು’ ಅನ್ನುವ ಕಡೆ ಅವರ ಹೆಸರನ್ನೇ ಆರಿಸಿ. ‘ಎನಿಒನ್’ ಅಂತ ಬಿಟ್ಟರೆ ಅಗ್ಗದ ಜಾಗಕ್ಕೆಂದೇ ಕಾದಿರುವ ಬಾಟ್‌ಗಳು (ತಾವಾಗಿ ಕೊಳ್ಳುವ ಪ್ರೋಗ್ರಾಂಗಳು) ಕಣ್ಣು ಮಿಟುಕಿಸುವಷ್ಟರಲ್ಲಿ ಕೊಂಡುಬಿಡುತ್ತವೆ. ಮಾರಾಟ ಆದ ಮೇಲೆ ವಾಪಸ್ ಕೇಳಲು ದಾರಿ ಇಲ್ಲ. ವಸ್ತುಗಳನ್ನು ಸೇರಿಸಿ ಮಾರುವ ಆಯ್ಕೆ ಆನ್ ಆಗಿದೆಯಾ ಅಂತಲೂ ನೋಡಿ, ಆನ್ ಆಗಿದ್ದರೆ ನಿಮ್ಮ ತೊಟ್ಟಿ ಮನೆಯೂ ಜೊತೆಗೆ ಹೋದೀತು.

ಕೊಳ್ಳುವವರು ಸಿಗದಿದ್ದರೆ ಜಾಗವನ್ನು ಕಂಪನಿಗೆ ಬಿಟ್ಟುಕೊಡಬಹುದು. ಅದಕ್ಕೆ ದುಡ್ಡು ವಾಪಸ್ ಬರುವುದಿಲ್ಲ. ಮೊದಲು ನಿಮ್ಮ ವಸ್ತುಗಳನ್ನೆಲ್ಲ ಇನ್ವೆಂಟರಿಗೆ ತೆಗೆದುಕೊಳ್ಳಿ, ಆಮೇಲೆ ಬಿಡಿ. ನಿಮ್ಮ ಖಾತೆಯ ಪುಟದಲ್ಲಿ ಜಾಗದ ಶುಲ್ಕದ ಹಂತವನ್ನೂ ನೀವೇ ಇಳಿಸಬೇಕು, ಅದು ತಾನಾಗಿ ಇಳಿಯುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಬಿಡುವ ಕೆಲಸವನ್ನು ಬಿಲ್ಲಿನ ತಾರೀಕಿನ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಮೂವತ್ತು ದಿನದ ಲೆಕ್ಕ ಹಿಂದಕ್ಕೆ ನೋಡುವುದರಿಂದ ಕೊನೆಯ ಒಂದು ಬಿಲ್ ಹಳೇ ಅಳತೆಗೇ ಬರಬಹುದು. ಆ ದುಡ್ಡನ್ನೂ ತೆಗೆದಿಟ್ಟುಕೊಂಡೇ ಹೊರಡಿ.